ಒಬ್ಬರಿಗೆ ಒಬ್ಬಳೇ ತಾಯಿ

ಬಿಸಿಲು ಜೋರಾಗಿದೆ ಅಲ್ಲವೇ ಎಂದರೂ ತಲೆಯಾಡಿಸದೆ, ಜೋರು ಎಂದರೆ ಎಷ್ಟು ಎಂದು ಮರುಪ್ರಶ್ನೆ ಹಾಕುವ ಪುಣ್ಯಾತ್ಮರು ಅವರು. ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಒಂಬತ್ತು ವರ್ಷ ಅವರೆದುರಿನ ಮೇಜಿನಲ್ಲಿ ಕುಳಿತ ನನಗೆ, ಅವರು ಯಾವುದಕ್ಕಾದರೂ ನೇರವಾಗಿ ಹೌದು ಎಂದ ನೆನಪಿಲ್ಲ. ಬೇಸಿಗೆಯಲ್ಲೂ ಬಿಚ್ಚದ ಬೂದು ಕೋಟು, ಅದರ ಜೇಬಿನ ತುಂಬ ಚೀಟಿಗಳು, ಚೀಟಿಗಳ ಮೇಲೆ ವೃತ್ತದೊಳಗೊಂದು ವೃತ್ತ. ನೆಲಗಲ್ಲಿನ ಗೆರೆ ತುಳಿಯದಂತೆ ಅಳೆದಿಟ್ಟ ಹೆಜ್ಜೆ. ಬೆನ್ನ ಹಿಂದೆ ನಾವು ಅವರನ್ನು ವ್ಯಾಖ್ಯೆ ಮೇಷ್ಟ್ರು ಎನ್ನುತ್ತಿದ್ದೆವು. ಗೊತ್ತಾದಾಗ ಸಿಟ್ಟಾಗಲಿಲ್ಲ, ತಾವು ಪಾಠ ಹೇಳುವವರಲ್ಲವಾದ್ದರಿಂದ ಮೇಷ್ಟ್ರು ಎಂಬ ಪದ ಸಲ್ಲದು ಎಂದರು.

ಯಾವುದು ಏನು, ಯಾವುದಕ್ಕೆ ಯಾವುದು ಏನಾಗಬೇಕು ಎಂಬುದನ್ನು ಕಂಪ್ಯೂಟರಿಗೆ ಅದರದೇ ಭಾಷೆಯಲ್ಲಿ ಬರೆದು ತಿಳಿಸುವುದು ಅವರ ಕಸುಬು. ಶಸ್ತ್ರವೈದ್ಯರೆಂಬ ವರ್ಗ ವೈದ್ಯರೆಂಬ ವರ್ಗದೊಳಗೆ, ಅದು ಮನುಷ್ಯರೆಂಬ ವರ್ಗದೊಳಗೆ. ರೋಗಿಗೂ ಔಷಧಿಗೂ ಒಂದು ಸಂಬಂಧ, ಮಗುವಿಗೂ ತಾಯಿಗೂ ಇನ್ನೊಂದು. ಈ ಕೊನೆಯದಕ್ಕೆ ಅವರು ವಿಧಿಸಿದ ಕಟ್ಟಳೆ: ಒಬ್ಬರಿಗೆ ಒಬ್ಬಳೇ ತಾಯಿ. ಸಾಕಿದವಳನ್ನು ಎಲ್ಲಿ ಬರೆಯಲಿ ಎಂದು ಕೌಂಟರಿನ ಅಕ್ಕ ಕೇಳಿದ್ದಳು.

“ಸಾಕೋದು ಕೆಲಸ ಕಣಮ್ಮ, ಸಂಬಂಧ ಅಲ್ಲ” ಎಂದಿದ್ದರು.

ಹಾಗೆಂದವರನ್ನು ಹತ್ತು ದಿನದ ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿ ಬೆಳೆಸಿದ್ದು ಅವರ ದೊಡ್ಡಮ್ಮ, ತೀರಿಹೋದ ತಾಯಿಯ ಅಕ್ಕ. ಆ ಕೂಸಿಗೋಸ್ಕರ ಮದುವೆಯನ್ನೇ ಬಿಟ್ಟ ಹೆಂಗಸು. ಆಕೆಯನ್ನು ಇವರು ಒಂದು ದಿನವೂ ಅಮ್ಮ ಎಂದು ಕರೆದವರಲ್ಲ.

ಕಾಲು ಬಾತು ದೊಡ್ಡಮ್ಮ ನಮ್ಮಲ್ಲಿಗೇ ತೋರಿಸಿಕೊಳ್ಳಲು ಬಂದಾಗ, ನಿಮ್ಮವರು ಯಾರೆಂದು ಕೌಂಟರಿನಲ್ಲಿ ಕೇಳಿದರು. ಆಕೆ ಹೆಮ್ಮೆಯಿಂದ ಇವರನ್ನು ತೋರಿಸಿ ಮಗ ಎಂದಳು. ಕೌಂಟರಿನ ಅಕ್ಕ ಹಾಗೇ ಬರೆದುಕೊಂಡಳು. ಹೆತ್ತ ತಾಯಿ ಇವರ ಹಳೆಯ ದಾಖಲೆಯಲ್ಲಿ ಆಗಲೇ ಇದ್ದಳು. ಒಬ್ಬ ಮಗನಿಗೆ ಇಬ್ಬರು ತಾಯಂದಿರನ್ನು ಕಂಡ ಕಂಪ್ಯೂಟರು ತಪ್ಪೆಂದು ಹೇಳಲಿಲ್ಲ; ತಾಯಿ ಒಬ್ಬಳೇ ಎಂದು ಅದಕ್ಕೆ ಕಲಿಸಿದ್ದರಲ್ಲ, ಹಾಗಾದರೆ ಈ ಇಬ್ಬರೂ ಒಬ್ಬಳೇ ಎಂದು ತೀರ್ಮಾನಿಸಿತು. ಮರುದಿನ ಔಷಧಿ ಕೊಡುವಲ್ಲಿಂದ ದೊಡ್ಡಮ್ಮನ ಚೀಟಿ ಹಿಂದಿರುಗಿತು: ರೋಗಿ ಐವತ್ತೊಂದು ವರ್ಷದ ಹಿಂದೆ ತೀರಿಕೊಂಡಿದ್ದಾರೆ. ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ದೊಡ್ಡಮ್ಮನೂ ನಕ್ಕಳು.

“ಇಬ್ರೂ ಒಂದೇ ಅಂತಂತಾ? ಇರ್ಲಿ ಬಿಡು, ನನ್ ತಂಗಿ ಏನೂ ಅಂದ್ಕೊಳಲ್ಲ.”

ನಗದವರು ಇವರೊಬ್ಬರೇ. ಕಟ್ಟಳೆ ಸಡಿಲಿಸಿದ್ದರೆ ಮುಗಿಯುತ್ತಿತ್ತು; ಮೇಲಧಿಕಾರಿಯೂ ಹಾಗೆಂದರು. ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ದೊಡ್ಡಮ್ಮನ ಹೆಸರಿನ ಮುಂದಿದ್ದ ಮಗನನ್ನೇ ಅಳಿಸಿಬಿಟ್ಟರು. ಸಾಕಿದವರು ಎಂಬ ಹೊಸ ಸಂಬಂಧವೊಂದನ್ನು ಸೇರಿಸುತ್ತೇನೆ ಎಂದು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡರು. ಆದರೆ ಎಷ್ಟು ವರ್ಷ ಸಾಕಿದರೆ ಸಾಕಿದಂತೆ? ನಡುವೆ ಬಿಟ್ಟುಹೋದವರೂ ಸೇರುತ್ತಾರೆಯೇ? ಎರಡು ವರ್ಷವಾದರೂ ವ್ಯಾಖ್ಯೆ ಮುಗಿಯಲಿಲ್ಲ. ಕೇಳಿದಾಗಲೆಲ್ಲ ಜೇಬು ತಟ್ಟಿ ತೋರಿಸುತ್ತಿದ್ದರು.

ಒಂದು ಮಧ್ಯಾಹ್ನ ಉಸಿರು ಕಟ್ಟಿದ ದೊಡ್ಡಮ್ಮನನ್ನು ನೆರೆಮನೆಯವರು ತಂದು ತುರ್ತು ವಾರ್ಡಿಗೆ ಸೇರಿಸಿದರು. ಹತ್ತಿರದ ಸಂಬಂಧಿಕರನ್ನಷ್ಟೇ ಒಳಗೆ ಬಿಡುವ ಬಾಗಿಲು ಅದು. ಸುದ್ದಿ ತಿಳಿದು ನಾವಿಬ್ಬರೂ ಅಲ್ಲಿಗೆ ಓಡಿದೆವು. ಹೊಸದಾಗಿ ಬಂದ ಕಾವಲಿನವನು ಕಂಪ್ಯೂಟರಿನ ಪರದೆ ನೋಡುತ್ತ, ಪೇಷಂಟಿಗೆ ನೀವೇನಾಗಬೇಕು ಎಂದು ಅವರನ್ನು ಕೇಳಿದ. ಅಂದು ಅವರು ಮರುಪ್ರಶ್ನೆ ಹಾಕಲಿಲ್ಲ.

“ಮಗ.”

“ಹಾಗಂತ ಇದರಲ್ಲಿಲ್ಲ ಸಾರ್. ಯಾರೂ ಇಲ್ಲ ಅಂತಿದೆ.”

ಅದನ್ನು ಅಳಿಸಿದ ಅವರ ಕೈ ಕೋಟಿನ ಜೇಬಿನ ಮೇಲೆ ಹೋಯಿತು. ನಾನು ಮೇಲಧಿಕಾರಿಯ ಸಹಿ ತರಲು ಓಡಿ ಹಿಂದಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಒಳಗಿದ್ದ ನರ್ಸು ಆಮೇಲೆ ನನಗೆ ಹೇಳಿದಳು: ಮಗ ಬಂದನೇ ಎಂದು ಅಜ್ಜಿ ಎರಡು ಸಲ ಕೇಳಿತಂತೆ. ಇವಳು ಪರದೆ ನೋಡಿ, ನಿಮಗೆ ಮಕ್ಕಳಿಲ್ಲವಲ್ಲಜ್ಜಿ ಎಂದಳಂತೆ. ಹೌದಾ ಎಂದಿತಂತೆ ಆ ಜೀವ. ಇದನ್ನು ನಾನು ಅವರಿಗೆ ಹೇಳಿಲ್ಲ. ಹೇಳಿಬಿಡಬೇಕೆಂದು ಸಿಟ್ಟಿನಲ್ಲಿ ಎಷ್ಟೋ ಸಲ ಅನಿಸಿದೆ.

ಮರುವಾರ ಕಟ್ಟಳೆ ಸಡಿಲವಾಯಿತು. ಅವರೇ ಸಡಿಲಿಸಿದರು, ಎರಡು ನಿಮಿಷದ ಕೆಲಸ.

ಇಂಥವರನ್ನು ಲೋಕ ಕಲ್ಲೆದೆಯವರು ಎನ್ನುತ್ತದೆ. ನಾನು ಹಾಗೆನ್ನಲಾರೆ, ಹಾಗೆಂದರೆ ಅವರು ಸುಲಭವಾಗಿ ಪಾರಾಗಿಬಿಡುತ್ತಾರೆ. ಪ್ರೀತಿ ಅವರಲ್ಲಿ ಬೇಕಾದಷ್ಟಿರುತ್ತದೆ. ಅದಕ್ಕೆ ತಕ್ಕ ನಿಖರವಾದ ಪದ ಸಿಗುವ ತನಕ ಕೊಡದೆ ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ಪಡೆಯಬೇಕಾದವರಿಗೆ ಅಷ್ಟು ಆಯುಸ್ಸಿರುವುದಿಲ್ಲ.