ಗುರುವಾರದ ವ್ಯಾನು

ಬೆಂಡಿಗೋ ಊರಿನಲ್ಲಿ ಮುದುಕರ ಮನೆಗಳಿಗೆ ಬಿಸಿ ಊಟ ಮುಟ್ಟಿಸುವ ಸಂಘ ನೊಯೆಲೀನಳದು. ಗುರುವಾರದ ವ್ಯಾನಿಗೆ ಡ್ರೈವರ್ ಇರಲಿಲ್ಲ. ಬಿಟ್ಟಿಯಾಗಿ ಪೋಸ್ಟರ್ ಮಾಡಿಕೊಡುತ್ತೇನೆಂದು ಬಂದ ಜಾಹೀರಾತು ಕಂಪನಿಯ ಟ್ರಿಸ್ಟನ್, ಬಣ್ಣ ಆರಿಸುವುದರಲ್ಲೇ ಮೂರು ವಾರ ಅವಳ ತಲೆ ತಿಂದಿದ್ದ.

“‘ಡ್ರೈವರ್ ಬೇಕು’ ಅಂತ ಬರಿಯಪ್ಪ, ಸಾಕು,” ಎಂದು ಅವಳು ಬಡಕೊಂಡಿದ್ದಳು.

“ಅದು ತೀರಾ ಸಪ್ಪೆ, ನೊಯೆಲೀನ್,” ಎಂದವನು ‘ನಿಮ್ಮ ಪ್ರತಿಭೆ ನಮಗೆ ಕೊಡಿ’ ಎಂದು ಅಚ್ಚು ಹಾಕಿಸಿದ.

ಇವತ್ತು ಗುರುವಾರ. ಡಬ್ಬಿಗಳಲ್ಲಿ ಊಟ ಆರುತ್ತಿತ್ತು. ಟ್ರಿಸ್ಟನ್ ಫೋನ್ ಹಿಡಿದು ನಗುತ್ತಾ ಬಂದ. “ನೋಡಿ, ಮೂವತ್ತೊಂದು ಜನ ಬರೆದಿದ್ದಾರೆ.”

“ಅದರಲ್ಲಿ ಡ್ರೈವರ್ ಎಷ್ಟು ಜನ?”

ಅವನು ಫೋನಿನ ಮೇಲೆ ಬೆರಳಾಡಿಸಿದ. “ಎಲ್ಲಾ ನಮ್ಮ ಕಸುಬಿನವರೇ. ಪೋಸ್ಟರ್ ಮಾಡಿಕೊಡ್ತಾರಂತೆ.”

ನೊಯೆಲೀನ್ ವ್ಯಾನಿನ ಕೀಲಿಯನ್ನು ಅವನ ಅಂಗೈಗೆ ಒತ್ತಿದಳು. “ಹದಿನಾಲ್ಕು ಮನೆ. ಸೂಪು ಚೆಲ್ಲಬೇಡ.”