ಒಂದಂಕದ ಮೇಷ್ಟ್ರು

ಮಧ್ಯಾಹ್ನ ಹನ್ನೆರಡೂವರೆಗೆ ಸಮಾಜಶಾಸ್ತ್ರ ವಿಭಾಗದ ಸೂಚನಾಫಲಕದಲ್ಲಿ ಎರಡನೆಯ ವರ್ಷದ ವರದಿಗಳ ಅಂಕಪಟ್ಟಿ ಹಚ್ಚಲಾಯಿತು. ಇಡೀ ತರಗತಿಯಲ್ಲಿ ಫೇಲಾದವಳು ಒಬ್ಬಳೇ. ಮೊದಲ ಪರೀಕ್ಷಕರು ಅವಳಿಗೆ ಮೂವತ್ತೆಂಟು ಕೊಟ್ಟಿದ್ದರು, ಎರಡನೆಯವರು ಮೂವತ್ತೊಂಬತ್ತು. ಪಾಸಾಗಲು ನಲವತ್ತು ಬೇಕಿತ್ತು.

ಆ ಹೊತ್ತಿಗೆ ಎರಡನೆಯ ಪರೀಕ್ಷಕರು ಕ್ಯಾಂಟೀನಿನಲ್ಲಿ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತು ಊಟದ ಡಬ್ಬಿ ತೆರೆಯುತ್ತಿದ್ದರು. ಎದುರಿನ ಕುರ್ಚಿಯ ಮೇಲೆ ಅವರ ಚೀಲವಿತ್ತು. ಇಬ್ಬರು ಹುಡುಗಿಯರು ತಟ್ಟೆ ಹಿಡಿದು ಜಾಗ ಹುಡುಕುತ್ತಾ ಬಂದರು, ಚೀಲ ನೋಡಿದರು, ಮುಂದೆ ಹೋದರು. ಪರೀಕ್ಷಕರು ಊಟ ಮುಗಿಸಿ, ನಲ್ಲಿಯಲ್ಲಿ ಡಬ್ಬಿ ತೊಳೆದು, ಯಾರೊಂದಿಗೂ ಮಾತಾಡದೆ ತಮ್ಮ ಕೊಠಡಿಗೆ ಹೋದರು. ಪಾಠ ಬಿಟ್ಟರೆ ಅಂದು ಬೆಳಗಿನಿಂದ ಅವರು ಬಾಯಿಬಿಟ್ಟಿದ್ದು ಬಸ್ಸಿನಲ್ಲಿ ಇಳಿಯುವ ನಿಲ್ದಾಣ ಹೇಳಲು ಮಾತ್ರ.

ವಿಭಾಗದಲ್ಲಿ ಪ್ರತಿ ವರದಿಯನ್ನೂ ಇಬ್ಬರು ಓದಬೇಕೆಂಬ ನಿಯಮವಿತ್ತು. ಒಬ್ಬರ ಕಣ್ತಪ್ಪು, ಒಬ್ಬರ ಮುನಿಸು ವಿದ್ಯಾರ್ಥಿಯ ಮೇಲೆ ಬೀಳಬಾರದೆಂಬುದು ಅದರ ಉದ್ದೇಶ. ಮೊದಲ ಪರೀಕ್ಷಕರಾದ ವಿಭಾಗದ ಮುಖ್ಯಸ್ಥೆ ಕೆಂಪು ಶಾಯಿಯಲ್ಲಿ ಪ್ರತಿ ವರದಿಯ ರಟ್ಟಿನ ಮೇಲೆ ಅಂಕ ಬರೆದು ಕಟ್ಟನ್ನು ಎರಡನೆಯ ಪರೀಕ್ಷಕರಾದ ಈ ಮೇಷ್ಟ್ರಿಗೆ ಕಳಿಸುತ್ತಿದ್ದರು. ಇಬ್ಬರ ಅಂಕಗಳ ನಡುವೆ ಹತ್ತಕ್ಕಿಂತ ಹೆಚ್ಚು ಅಂತರ ಬಂದರೆ ವರದಿ ಬೇರೆ ಕಾಲೇಜಿನ ಮೂರನೆಯ ಪರೀಕ್ಷಕರಿಗೆ ಹೋಗಬೇಕು. ಅದಕ್ಕೆ ವಿವರಣೆ ಬರೆಯಬೇಕು, ಫಲಿತಾಂಶ ತಡವಾಗುತ್ತದೆ. ಹಾಗಾಗಿ ಅಂತರ ಬರದಂತೆ ನೋಡಿಕೊಳ್ಳುವುದು ರೂಢಿಯಾಗಿತ್ತು.

ಮೇಷ್ಟ್ರ ಪದ್ಧತಿ ಅದಕ್ಕಿಂತಲೂ ಸರಳ. ಕೆಂಪು ಅಂಕ ನೋಡುವುದು, ಒಂದು ಸೇರಿಸಿ ನೀಲಿ ಶಾಯಿಯಲ್ಲಿ ಬರೆಯುವುದು, ಕೊನೆಯ ಪುಟದ ಕೆಳಗೆ ‘ಇನ್ನಷ್ಟು ಆಳಕ್ಕೆ ಹೋಗಬೇಕಿತ್ತು’ ಎಂದು ಒಂದು ಸಾಲು. ಅದು ಯಾವ ವರದಿಗೂ ಒಪ್ಪುವ ಮಾತು. ಒಂದಂಕ ಸೇರಿಸುವಾಗ ತಾವು ಉದಾರಿ ಎಂದೂ ಅವರಿಗೆ ಅನಿಸುತ್ತಿತ್ತು. ಈ ಲೆಕ್ಕ ವಿದ್ಯಾರ್ಥಿಗಳಿಗೆ ಎಂದೋ ತಿಳಿದುಹೋಗಿತ್ತು, ಆದರೆ ಓದಿದ ಮೇಲೆಯೇ ಸೇರಿಸುತ್ತಾರೆಂದು ಅವರು ನಂಬಿದ್ದರು. ಬೆನ್ನ ಹಿಂದೆ ಅವರನ್ನು ‘ಒಂದಂಕದ ಮೇಷ್ಟ್ರು’ ಎನ್ನುತ್ತಿದ್ದರು.

ಮೂರು ಗಂಟೆಗೆ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಳು.

“ಒಳಗೆ ಬರಲಾ ಸರ್?”

“ಬಾಮ್ಮ. ಯಾವ ವರ್ಷ?”

“ಎರಡನೇ ವರ್ಷ ಸರ್. ನಿಮ್ಮ ಕ್ಲಾಸಲ್ಲೇ ಇದ್ದೀನಿ. ಮೂರನೇ ಬೆಂಚು, ಗೋಡೆ ಕಡೆ.”

ಮೇಷ್ಟ್ರಿಗೆ ನೆನಪಾಗಲಿಲ್ಲ. “ಹೌದೌದು” ಎಂದರು.

“ಫೇಲಾಗಿರೋದು ನಾನೇ ಸರ್.”

“ಅಂಕ ಬದಲಾಯಿಸೋಕೆ ಬರಲ್ಲಮ್ಮ. ಫಲಕಕ್ಕೆ ಹಾಕಿ ಆಗಿದೆ.”

“ಅದಕ್ಕೆ ಬಂದಿಲ್ಲ ಸರ್.” ಅವಳು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಒಂದು ಕೇಳ್ಬೇಕಿತ್ತು. ಒಂಬತ್ತನೇ ಪುಟ ಓದಿ ನಿಮಗೆ ಬೇಜಾರಾಯ್ತಾ?”

ಇಂಥ ಪ್ರಶ್ನೆಗಳಿಗೆ ಮೇಷ್ಟ್ರ ಬಳಿ ಉತ್ತರ ಸಿದ್ಧವಿರುತ್ತಿತ್ತು. “ಬೇಜಾರೇನಿಲ್ಲ. ಒಂಬತ್ತನೇ ಪುಟ ಪರವಾಗಿಲ್ಲ. ಆದ್ರೆ ಅಲ್ಲೂ ಇನ್ನಷ್ಟು ಆಳಕ್ಕೆ ಹೋಗಬೇಕಿತ್ತು.”

ಹುಡುಗಿಯ ಮುಖ ಕೆಂಪೇರಿತು. “ಇನ್ನೂ ಆಳಕ್ಕಾ ಸರ್?”

“ಹೂಂ. ಮೇಲ್ಮೇಲೆ ನೋಡಿ ಬಿಟ್ಟಿದ್ದೀಯ.”

“ಹತ್ತಿರ ಬಂದು ಕೇಳೋಕೆ ಧೈರ್ಯ ಸಾಲಲಿಲ್ಲ ಸರ್.”

“ಅದೇ ತಪ್ಪು. ಕೇಳಬೇಕು. ಕೇಳಿದ್ರೆ ಯಾರೂ ನುಂಗಿ ಹಾಕಲ್ಲ.”

ಹುಡುಗಿ ಉಸಿರುಬಿಟ್ಟಳು. ಮುಖದಲ್ಲಿ ಸ್ವಲ್ಪ ನಗುವೂ ಬಂತು. “ಹಾಗಾದ್ರೆ ಸಿಟ್ಟಲ್ಲಿ ಕೊಟ್ಟಿದ್ದಲ್ವಾ ಸರ್ ಮೂವತ್ತೊಂಬತ್ತು? ಹಾಸ್ಟೆಲಲ್ಲಿ ಎಲ್ರೂ ಅಂದ್ರು, ಮೇಷ್ಟ್ರ ಬಗ್ಗೆನೇ ಬರೆದು ಅವರ ಕೈಗೇ ಕೊಟ್ಟಿದ್ದೀಯಲ್ಲೇ, ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡೆ ಅಂತ.”

“ಯಾವ ಮೇಷ್ಟ್ರ ಬಗ್ಗೆ?”

ಮಾತು ಬಾಯಿಂದ ಹೊರಬಿದ್ದ ಮೇಲೆ ಅವರಿಗೆ ಏನೋ ತಪ್ಪಿತೆಂದು ಹೊಳೆಯಿತು. ಹುಡುಗಿ ಅವರ ಮುಖವನ್ನೇ ನೋಡಿದಳು. ಬಂದಿದ್ದ ನಗು ಅಲ್ಲೇ ಆರಿಹೋಯಿತು.

“ಬರ್ತೀನಿ ಸರ್” ಎಂದು ಹೊರಟುಹೋದಳು.

ಮೇಷ್ಟ್ರು ಕಪಾಟಿನಿಂದ ಕಟ್ಟು ಇಳಿಸಿ ದಾರ ಬಿಚ್ಚಿದರು. ಅವಳ ವರದಿಯ ಹೆಸರು ‘ಒಬ್ಬರೇ ಕೂತು ಊಟ ಮಾಡುವವರು: ಒಂದು ಕ್ಯಾಂಟೀನಿನ ಅವಲೋಕನ.’ ಒಂಬತ್ತನೆಯ ಪುಟದಲ್ಲಿ ಹೀಗಿತ್ತು:

‘ಕಿಟಕಿಯ ಪಕ್ಕ ಕೂರುವ ಒಬ್ಬ ಅಧ್ಯಾಪಕರು ಎದುರಿನ ಕುರ್ಚಿಯ ಮೇಲೆ ಚೀಲ ಇಡುತ್ತಾರೆ. ಜಾಗ ಹುಡುಕಿಕೊಂಡು ಬಂದವರು ಅದನ್ನು ನೋಡಿ ಬೇರೆ ಮೇಜಿಗೆ ಹೋಗುತ್ತಾರೆ. ಯಾರೂ ಕೂರಬಾರದೆಂದೇ ಅವರು ಹಾಗೆ ಮಾಡುತ್ತಾರೆಂದು ನಾನು ಮೊದಲು ಬರೆದಿದ್ದೆ. ಆದರೆ ಬಂದವರು ತಿರುಗಿ ಹೋದ ಮೇಲೆ ಅವರು ಪ್ರತಿ ಸಲವೂ ತಲೆಯೆತ್ತಿ ಅವರ ಬೆನ್ನನ್ನು ನೋಡುತ್ತಾರೆ. ಅದನ್ನು ಗಮನಿಸಿದ ಮೇಲೆ ಆ ವಾಕ್ಯವನ್ನು ಹೊಡೆದುಹಾಕಿದೆ.’

ಮೇಷ್ಟ್ರು ಅದನ್ನು ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಕಿಕೊಂಡು ವರದಿಯನ್ನು ಮೊದಲಿನಿಂದ ಓದಿದರು. ಕೊನೆಯ ಪುಟದಲ್ಲಿ ಒಂದು ಸಾಲಿನ ಟಿಪ್ಪಣಿ ಇತ್ತು. ‘ಈ ಅವಧಿಯಲ್ಲಿ ವೀಕ್ಷಕಿಯೂ ಒಬ್ಬಳೇ ಕೂತಿದ್ದಳು.’

ಅದರ ಕೆಳಗೆ ಅವರದೇ ನೀಲಿ ಅಕ್ಷರ: ‘ಇನ್ನಷ್ಟು ಆಳಕ್ಕೆ ಹೋಗಬೇಕಿತ್ತು.’

ಈ ವರದಿಯಲ್ಲಿ ಫೇಲಾದವರಿಗೆ ಕೊನೆಯ ವರ್ಷಕ್ಕೆ ಪ್ರವೇಶವಿರಲಿಲ್ಲ. ಹಾಸ್ಟೆಲು ಬಿಟ್ಟು ವರ್ಷಪೂರ್ತಿ ಮನೆಯಲ್ಲಿ ಕೂರಬೇಕಿತ್ತು.

ಸಂಜೆ ಬಾಡಿಗೆ ಕೋಣೆಯಲ್ಲಿ ಮೇಷ್ಟ್ರು ದೀಪ ಹಾಕುವಷ್ಟರಲ್ಲಿ ಅಕ್ಕನ ಫೋನು ಬಂತು. ಮದುವೆಯಾಗದ ತಮ್ಮನನ್ನು ಈಗಲೂ ಗದರಿಸುವ ಒಂದೇ ಜೀವ ಅದು.

“ಏನೋ, ನಿನ್ನೆ ಫೋನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ನಲ್ಲ, ಕೇಳಿದ್ಯಾ?”

ಎಂದಿನಂತೆ ‘ಕೇಳ್ದೆ ಅಕ್ಕ’ ಎನ್ನಲು ಹೋದವರು ತಡೆದರು. “ಇಲ್ಲ ಅಕ್ಕ. ಕೇಳಿಲ್ಲ.”

“ಮೊನ್ನೇದು?”

“ಅದೂ ಇಲ್ಲ.”

“ಮತ್ತೆ ‘ಕೇಳ್ದೆ, ಸಂತೋಷ’ ಅಂತ ಹಾಕಿದ್ದೆ? ಅದು ನಿನ್ನ ಭಾವ ಬಚ್ಚಲಲ್ಲಿ ಜಾರಿಬಿದ್ದ ಸುದ್ದಿ ಕಣೋ! ಅವರು ಆಗ್ಲಿಂದ ಮುಖ ಊದಿಸ್ಕೊಂಡು ಕೂತಿದ್ದಾರೆ.”

“ಅಯ್ಯೋ. ಈಗ ಹೇಗಿದ್ದಾರೆ?”

“ಅದನ್ನೂ ಹೇಳಿ ಕಳಿಸಿದ್ದೀನಿ. ಕೇಳು.” ಅಕ್ಕ ಫೋನಿಟ್ಟಳು.

ಮೇಷ್ಟ್ರು ಕೂತು ಅವೆಲ್ಲವನ್ನೂ ಕೇಳಿದರು. ಭಾವನಿಗೆ ಮೊಣಕೈ ತರಚಿತ್ತು, ಅಷ್ಟೇ. ಒಂದರ ಕೊನೆಯಲ್ಲಿ ಅಕ್ಕ, “ನೀನು ಕೇಳಲ್ಲ ಅಂತ ಗೊತ್ತು, ಆದ್ರೂ ಹೇಳ್ತೀನಿ” ಎಂದಿದ್ದಳು.

ಮರುದಿನ ಬೆಳಗ್ಗೆ ಅವರು ಮುಖ್ಯಸ್ಥೆಯ ಕೊಠಡಿಗೆ ಹೋದರು.

“ಹುಡುಗಿ ಬಂದು ಅತ್ಲಾ?” ಮುಖ್ಯಸ್ಥೆ ಕಡತದಿಂದ ತಲೆಯೆತ್ತಲಿಲ್ಲ.

“ಇಲ್ಲ ಮೇಡಂ. ನನ್ನ ಅಂಕ ವಾಪಸ್ ತಗೋಬೇಕು. ಓದದೇ ಕೊಟ್ಟಿದ್ದೀನಿ.”

ಈಗ ಅವರು ಪೆನ್ನು ಕೆಳಗಿಟ್ಟರು. “ನೋಡ್ರಿ, ನಾನು ಓದಿ ಕೊಟ್ಟಿದ್ದು. ಮೊದಲಿಂದ ಕೊನೇವರೆಗೆ. ಒಂದು ಕೋಷ್ಟಕ ಇಲ್ಲ. ಯಾರನ್ನ ಯಾವ ವಿಧಾನದಲ್ಲಿ ನೋಡಿದೆ ಅಂತ ಒಂದು ಮಾತಿಲ್ಲ. ಹೀಗೆ ಬರೀಬೇಕು ಅಂತ ಕ್ಲಾಸಲ್ಲಿ ಎಷ್ಟು ಸಲ ಹೇಳಿದ್ದೀನಿ. ಅವಳು ಬರೆದಿರೋದು ಕಥೆ. ಮೂವತ್ತೆಂಟು ನನ್ನ ತೀರ್ಮಾನ. ತಪ್ಪಿದ್ರೂ ಇರಬಹುದು. ಅದಕ್ಕೇ ಅಲ್ವಾ ನಿಮ್ಮನ್ನ ಇಟ್ಟಿರೋದು?”

ಮುಖ್ಯಸ್ಥೆ ಪೆನ್ನಿನ ಮುಚ್ಚಳ ಹಾಕಿದರು.

“ನಿಮ್ಮನ್ನ ಹುಡುಗರು ಏನಂತಾರೆ ಗೊತ್ತಾ? ಒಂದಂಕದ ಮೇಷ್ಟ್ರು. ನಾನು ಎಷ್ಟೋ ಸಲ ಅಂದ್ಕೊಂಡಿದ್ದೀನಿ, ಇವರು ಪ್ರತಿ ಸಲ ನನ್ನನ್ನ ಒಪ್ತಾರಲ್ಲ, ಅಷ್ಟು ಸರಿಯಾಗಿದೀನಾ ನಾನು ಅಂತ.”

“ಕೇಳಬಹುದಿತ್ತು ಮೇಡಂ.”

“ಕೇಳಿದ್ರೆ ಕೆಲಸ ಜಾಸ್ತಿ ಆಗ್ತಿತ್ತು” ಎಂದರು ಮುಖ್ಯಸ್ಥೆ. ಅದನ್ನು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. “ಸರಿ, ಈಗ ಇವಳದ್ದು ಓದಿ ಏರಿಸ್ತೀರಿ. ಉಳಿದವರು? ಬಾಗಿಲು ತಟ್ಟಿದವಳಿಗೆ ಒಂದು ನ್ಯಾಯ, ಬಾಯಿಲ್ಲದೋರಿಗೆ ಇನ್ನೊಂದಾ?”

ರಾತ್ರಿ ಮೇಷ್ಟ್ರು ಯೋಚಿಸಿದ್ದೂ ಇದನ್ನೇ. “ಎಲ್ಲಾ ಓದ್ತೀನಿ. ನಿಮ್ಮ ಅಂಕ ಕಾಣದ ಹಾಗೆ ರಟ್ಟಿನ ಮೇಲೆ ಕಾಗದ ಅಂಟಿಸಿ ಕೊಡಿ. ಅವಳದ್ದೊಂದು ಮಾತ್ರ ನಾನು ನೋಡೋ ಹಾಗಿಲ್ಲ. ಮೂರನೆಯವರಿಗೆ ಕಳಿಸಿ.”

“ಅದ್ಯಾಕೆ?”

“ಅದರಲ್ಲಿ ನಾನಿದ್ದೀನಿ ಮೇಡಂ. ಒಂಬತ್ತನೇ ಪುಟ.”

ಮುಖ್ಯಸ್ಥೆ ನೆನಪು ಮಾಡಿಕೊಂಡರು. “ಆ ಚೀಲದೋರು ನೀವಾ? ನಾನು ಬೇರೆ ಯಾವುದೋ ವಿಭಾಗದೋರು ಅಂದ್ಕೊಂಡಿದ್ದೆ.”

ಮುಖ್ಯಸ್ಥೆ ದಿನವೂ ಊಟ ಮಾಡುತ್ತಿದ್ದುದು ಅದೇ ಕ್ಯಾಂಟೀನಿನಲ್ಲಿ, ಎರಡು ಮೇಜಿನಾಚೆ.

ಮುಖ್ಯಸ್ಥೆ ಮತ್ತೆ ಪೆನ್ನು ಹಿಡಿದರು. “ಓದದೇ ಅಂಕ ಕೊಟ್ಟಿದ್ದೀನಿ ಅಂತ ಬರೆದು ಕೊಡಬೇಕಾಗುತ್ತೆ. ನಿಮ್ಮ ಸೇವಾ ದಾಖಲೆಗೆ ಹೋಗುತ್ತೆ. ಯೋಚನೆ ಮಾಡಿ.”

“ಬರೆದು ತಂದಿದ್ದೀನಿ” ಎಂದು ಮೇಷ್ಟ್ರು ಹಾಳೆಯನ್ನು ಮೇಜಿನ ಮೇಲಿಟ್ಟರು.

ಅಂದು ಅಂಕಪಟ್ಟಿಯನ್ನು ಫಲಕದಿಂದ ಕಿತ್ತರು. ಹುಡುಗಿ ಗ್ರಂಥಾಲಯದ ಮೆಟ್ಟಿಲ ಮೇಲೆ ಕೂತಿದ್ದಳು. ಮೇಷ್ಟ್ರನ್ನು ಕಂಡು ಎದ್ದು ನಿಂತಳು.

“ನಿನ್ನ ವರದಿ ನಾನು ಓದಿರಲಿಲ್ಲಮ್ಮ. ಸಿಟ್ಟಲ್ಲಿ ಕೊಟ್ಟ ಅಂಕ ಅಲ್ಲ ಅದು. ಓದದೇ ಕೊಟ್ಟಿದ್ದು.”

“ನಿನ್ನೆನೇ ಗೊತ್ತಾಯ್ತು ಸರ್.”

“ಬೇರೆಯವರಿಗೆ ಕಳಿಸಿದ್ದೀವಿ. ಅವರು ಏನು ಕೊಡ್ತಾರೋ ನನಗೂ ಗೊತ್ತಿಲ್ಲ. ಕಡಿಮೆನೂ ಕೊಡಬಹುದು.”

ಹುಡುಗಿ ತಲೆಯಾಡಿಸಿದಳು. ಆಮೇಲೆ ಮೆಟ್ಟಿಲನ್ನೇ ನೋಡುತ್ತಾ ಹೇಳಿದಳು: “ನೀವು ಸಿಟ್ಟಾಗಿದ್ದಿದ್ರೇ ಚೆನ್ನಾಗಿತ್ತು ಸರ್. ಓದಿದ್ದಾರೆ ಅಂತಾದ್ರೂ ಇರ್ತಿತ್ತು.”

ಮೇಷ್ಟ್ರು ಅಲ್ಲಿಂದ ನೇರ ಕೊಠಡಿಗೆ ಹೋದರು.

ಕಾಗದ ಅಂಟಿಸಿದ ಕಟ್ಟು ಮಧ್ಯಾಹ್ನವೇ ಬಂತು. ಓದುವುದು ಅವರು ಎಣಿಸಿದ್ದಕ್ಕಿಂತ ನಿಧಾನವಾಯಿತು. ಹಿಂದೆ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಕಟ್ಟು ಈಗ ಎರಡು ವಾರ ಹಿಡಿಯಿತು. ಬಸ್ ನಿಲ್ದಾಣದ ಸರದಿ ಸಾಲಿನ ಬಗ್ಗೆ ಬರೆದ ಹುಡುಗನ ಕೋಷ್ಟಕಗಳು ಅಚ್ಚುಕಟ್ಟಾಗಿದ್ದವು, ಆದರೆ ಅವನು ನಿಲ್ದಾಣಕ್ಕೆ ಹೋಗಿಯೇ ಇರಲಿಲ್ಲ. ಬೆಳಗಿನ ಏಳಕ್ಕೆ ಬರುತ್ತದೆಂದು ಅವನು ಬರೆದಿದ್ದ ಬಸ್ಸು ನಿಂತು ವರ್ಷವಾಗಿತ್ತು. ಆ ಬಸ್ಸಿನಲ್ಲಿ ಓಡಾಡುತ್ತಿದ್ದವರು ಮೇಷ್ಟ್ರೇ. ಮೇಷ್ಟ್ರು ಕೊಟ್ಟಿದ್ದ ಅರವತ್ತೆರಡು ನಲವತ್ತೈದಾಯಿತು, ಅಂತರ ಹತ್ತನ್ನು ಮೀರಿದ್ದರಿಂದ ಆ ವರದಿಯೂ ಮೂರನೆಯವರಿಗೆ ಹೋಯಿತು. ಆಸ್ಪತ್ರೆಯ ಸಂದರ್ಶಕರ ಬಗ್ಗೆ ಬರೆದವಳಿಗೆ ಭಾಷೆ ಒಲಿದಿರಲಿಲ್ಲ, ಆದರೆ ಅವಳು ಕೇಳಿದ ಪ್ರಶ್ನೆಗಳು ಸರಿಯಾಗಿದ್ದವು. ಅದನ್ನೇ ಬರೆದು, ಯಾವ ಪ್ರಶ್ನೆ ಏಕೆ ಸರಿ ಎಂದು ಅಂಚಿನಲ್ಲಿ ಗುರುತಿಸಿ, ಅಂಕ ಏರಿಸಿದರು. ‘ಇನ್ನಷ್ಟು ಆಳಕ್ಕೆ’ ಎಂಬ ಮಾತನ್ನು ಒಮ್ಮೆ ಮಾತ್ರ ಬಳಸಿದರು, ಎಲ್ಲಿ, ಹೇಗೆ ಎಂದು ಪಕ್ಕದಲ್ಲೇ ಬರೆದರು.

ಬಸ್ಸಿನ ಹುಡುಗ ಕೊಠಡಿಗೆ ಬಂದು ಜಗಳವಾಡಿದ. “ಮೊದಲೇ ಚೆನ್ನಾಗಿತ್ತು ಸರ್, ಒಂದಂಕ ಹಾಕಿ ಸುಮ್ನಿರ್ತಿದ್ರಿ” ಎಂದ. ಮೇಷ್ಟ್ರು ಅವನನ್ನು ಕೂರಿಸಿ ಬಸ್ಸಿನ ವಿಷಯ ತೋರಿಸಿದರು. ಅವನು ಸಿಟ್ಟಿನಲ್ಲೇ ಹೋದ.

ಮೂರನೆಯ ಪರೀಕ್ಷಕರ ಉತ್ತರ ಬಂತು. ಅವರು ಹುಡುಗಿಗೆ ಐವತ್ತೆರಡು ಕೊಟ್ಟಿದ್ದರು. ಮುಖ್ಯಸ್ಥೆಯ ಮೂವತ್ತೆಂಟು ಹಾಗೇ ಉಳಿಯಿತು. ಮೇಷ್ಟ್ರ ಅಂಕ ರದ್ದಾಗಿದ್ದರಿಂದ ಈ ಎರಡರ ಸರಾಸರಿ ನಲವತ್ತೈದು, ಹುಡುಗಿ ಪಾಸಾದಳು. ಜೊತೆಗೆ ಒಂದು ಪುಟ ಟೀಕೆ ಇತ್ತು, ಅದರಲ್ಲಿ ಹೊಗಳಿಕೆ ಮೂರು ಸಾಲು. ವಿಧಾನ ವಿವರಿಸದಿರುವುದು ದೊಡ್ಡ ಕೊರತೆ ಎಂದು ಅವರೂ ಬರೆದಿದ್ದರು. ಕೊನೆಯಲ್ಲಿ ಎರಡು ಪ್ರಶ್ನೆ: ‘ಚೀಲ ಇಡುವ ವ್ಯಕ್ತಿಯ ಬಗ್ಗೆ ಬರೆಯುವ ಮೊದಲು ಅವರ ಒಪ್ಪಿಗೆ ಏಕೆ ಪಡೆಯಲಿಲ್ಲ? ಚೀಲ ಏಕೆ ಇಡುತ್ತಾರೆಂದು ಅವರನ್ನೇ ಏಕೆ ಕೇಳಲಿಲ್ಲ?’

ಮರುದಿನ ಮಧ್ಯಾಹ್ನ ಹುಡುಗಿ ಕ್ಯಾಂಟೀನಿನ ಕಿಟಕಿ ಪಕ್ಕದ ಮೇಜಿಗೆ ಬಂದಳು. ಕೈಯಲ್ಲಿ ತಟ್ಟೆಯಿತ್ತು, ಕಂಕುಳಲ್ಲಿ ಆ ಟೀಕೆಯ ಹಾಳೆ.

“ಸರ್, ಚೀಲ ಯಾಕಿಡ್ತೀರಿ?”

ಮೇಷ್ಟ್ರು ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಇಳಿಸಿದರು. ಈ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ.

“ಕುರ್ಚಿ ಖಾಲಿ ಇದ್ರೆ, ಇವರ ಜೊತೆ ಯಾರೂ ಕೂರಲ್ಲ ಅಂತ ಕಾಣುತ್ತೆ. ಚೀಲ ಇದ್ರೆ ಯಾರೋ ಬರೋರಿದ್ದಾರೆ ಅಂತ ಕಾಣುತ್ತೆ.”

ಹುಡುಗಿ ತಟ್ಟೆ ಹಿಡಿದು ನಿಂತೇ ಇದ್ದಳು. “ಬರ್ಕೊಳ್ಳಲಾ ಸರ್?”

“ಬರ್ಕೋ.”

ಮೇಷ್ಟ್ರು ಎದ್ದು ಚೀಲವನ್ನು ನೆಲಕ್ಕಿಟ್ಟರು. ಹುಡುಗಿ ಕೂತಳು. ಇಬ್ಬರೂ ಹೆಚ್ಚೇನೂ ಮಾತಾಡದೆ ಊಟ ಮಾಡಿದರು. ಒಂದೂವರೆಗೆ ಗಂಟೆ ಹೊಡೆದಾಗ ಅವಳು ತರಗತಿಗೆ ಹೋದಳು.

ಮರುದಿನ ಅವಳು ಬರಲಿಲ್ಲ. ಮೇಷ್ಟ್ರು ಅಂದೂ ಚೀಲವನ್ನು ನೆಲದ ಮೇಲೇ ಇಟ್ಟರು.