ಗೌಪ್ಯ ಸೇವೆಯ ಪೆಟ್ಟಿಗೆ

ಸರಕಾರಕ್ಕೆ ಒಮ್ಮೊಮ್ಮೆ ಜನರ ಮೇಲೆ ಎಂಥ ಪ್ರೀತಿ ಉಕ್ಕುತ್ತದೆಂದರೆ, ಜನ ಎಲ್ಲಿ ಹೋಗಿ ಅಡಗಿಕೊಳ್ಳಬೇಕೋ ತಿಳಿಯುವುದಿಲ್ಲ. ತೊಂಬತ್ತೈದನೆಯ ಇಸವಿಯ ಚಳಿಗಾಲದಲ್ಲಿ ಅಂಕಲಿಯ ಆಚೆಗಿನ ನಮ್ಮ ಊರಿನ ದವಾಖಾನೆಯ ಮೇಲೆ ಆ ಪ್ರೀತಿ ಎರಡೂ ಕಡೆಯಿಂದ ಉಕ್ಕಿತು. ಒಂದು ಕಡೆ ಮಕ್ಕಳಿಗೆ ಪೋಲಿಯೊ ಹನಿ, ಇನ್ನೊಂದು ಕಡೆ ದೊಡ್ಡವರಿಗೆ ಏಡ್ಸ್. ನಾನು ಅಲ್ಲಿಯ ನರ್ಸು. ಹೆಸರು ಸುಂದರಾ, ಊರವರಿಗೆ ನರ್ಸಬಾಯಿ. ನನ್ನ ನಾಲಿಗೆ ಉದ್ದ ಎಂದು ಇಲಾಖೆಯವರು ದೂರುತ್ತಾರೆ. ಆ ವರ್ಷ ನಮ್ಮ ಅಂಗಳಕ್ಕೆ ಬಂದುಹೋದ ಜೀಪುಗಳನ್ನು ಕಂಡಿದ್ದರೆ ಮೂಕನಿಗೂ ನಾಲಿಗೆ ಬರುತ್ತಿತ್ತು.

ಎರಡಕ್ಕೂ ಸೇರಿಸಿ ಒಂದೇ ಮೇಲ್ವಿಚಾರಣಾ ಸಮಿತಿ ನೇಮಕವಾಯಿತು. ಜೀಪಿನ ಡೀಸೆಲ್ ಉಳಿಯಲಿ ಎಂದು. ಅದರ ಮುಖ್ಯಸ್ಥರು ರಾಜಾರಾಮ ಸಾಹೇಬರು, ಇಸ್ತ್ರಿ ಮುರಿಯದ ಸಫಾರಿಯವರು. ಲಸಿಕೆ ತಣ್ಣಗಿದೆಯೋ ಇಲ್ಲವೋ ಎಂದು ನೋಡಲು ಸಮಿತಿಯ ಒಬ್ಬೊಬ್ಬರೂ ಬಂದು ಫ್ರಿಜ್ಜಿನ ಬಾಗಿಲು ತೆಗೆದು, ಒಳಗೆ ಕೈಯಾಡಿಸಿ, ಅಡ್ಡಿಯಿಲ್ಲ ತಣ್ಣಗಿದೆ ಎಂದು ಒಪ್ಪಿಕೊಂಡು, ಬಾಗಿಲು ಹಾಗೆಯೇ ಬಿಟ್ಟು ಚಹಾ ಕುಡಿಯಲು ಹೋಗುತ್ತಿದ್ದರು. ಆಮೇಲೆ ಬಂದವರು ಯಾಕೆ ತಣ್ಣಗಿಲ್ಲ ಎಂದು ನನ್ನನ್ನು ಕೇಳುತ್ತಿದ್ದರು. ಕೊನೆಗೆ ನಾನು ಫ್ರಿಜ್ಜಿಗೆ ಕೀಲಿ ಹಾಕಿ, ಕೀಲಿಕೈ ಕಳೆದಿದೆ ಎಂದು ಹೇಳಿದೆ. ಲಸಿಕೆ ಉಳಿಯಿತು.

ನಿರೋಧದ, ಅಂದರೆ ಸರಕಾರದ ಪುಕ್ಕಟೆ ಕಾಂಡೋಮಿನ, ವಿಷಯಕ್ಕೆ ಬಂದರೆ, ಅದು ಮೊದಲು ನನ್ನ ಚೀಲದಲ್ಲಿರುತ್ತಿತ್ತು. ಮನೆಮನೆಗೆ ಹೋದಾಗ ಬೇಕಾದವರ ಕೈಗೆ ಸದ್ದಿಲ್ಲದೆ ತುರುಕುತ್ತಿದ್ದೆ. ಅವರು ಜೋಳದ ಗಡಿಗೆಯಲ್ಲೋ, ಹಾಸಿಗೆಯ ಮಡಿಕೆಯಲ್ಲೋ ಇಟ್ಟುಕೊಳ್ಳುತ್ತಿದ್ದರು. ಅದರಲ್ಲಿ ಕೇಳುವುದೂ ಇರಲಿಲ್ಲ, ಹೇಳುವುದೂ ಇರಲಿಲ್ಲ. ಆದರೆ ಸಾಹೇಬರು ಒಮ್ಮೆ ಯಾವುದೋ ಹಳ್ಳಿಯಲ್ಲಿ ಒಂದನ್ನು ಊದಿ ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿದ್ದನ್ನು ಕಂಡರಂತೆ. ಸರಕಾರದ ಮಾಲು ಸೋರಿಹೋಗುತ್ತಿದೆ ಎಂದು ಅವರಿಗೆ ಹೊಟ್ಟೆ ಉರಿಯಿತು. ನನ್ನ ಚೀಲ ಖಾಲಿ ಮಾಡಿಸಿದರು. ದವಾಖಾನೆಯ ಪಡಸಾಲೆಯಲ್ಲಿ ಗೋಡೆಗೆ ಒಂದು ತಗಡಿನ ಪೆಟ್ಟಿಗೆ ಹೊಡೆಸಿ, ಕೀಲಿ ಜಡಿಸಿ, ಮೇಲೆ 'ಗೌಪ್ಯ ಸೇವೆ' ಎಂದು ಕೆಂಪು ಬಣ್ಣದಲ್ಲಿ ಬರೆಸಿದರು. ಅಕ್ಷರಗಳು ಎಷ್ಟು ದೊಡ್ಡವಿದ್ದವೆಂದರೆ ರಸ್ತೆಯ ಮೇಲೆ ಹೋಗುವ ಮಿರಜ ಬಸ್ಸಿನವರಿಗೂ ನಮ್ಮ ಗೌಪ್ಯ ಚೆನ್ನಾಗಿ ಕಾಣುತ್ತಿತ್ತು.

ಬೇಕಾದವರು ಬಂದು ತಮ್ಮ ಹೆಸರು, ಗಂಡನ ಹೆಸರು ಹೇಳಿ ಪಡೆಯಬೇಕು. ಕೀಲಿಕೈ ಮಾತ್ರ ನಂಬಿಗಸ್ತನ ಕೈಯಲ್ಲಿರಬೇಕು. ನಂಬಿಗಸ್ತನೆಂದರೆ ನಮ್ಮ ಸಿಪಾಯಿ ಮುರಗೆಪ್ಪ. ತಲೆಗೆ ದೊಡ್ಡ ಪಟಗಾ, ಬಿಳಿ ಮೀಸೆ, ಫಿನಾಯಿಲನ್ನು ಕೂಡ ತುಪ್ಪದ ಹಾಗೆ ಬಳಸುವ ಮನುಷ್ಯ. ಕೀಲಿಕೈಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡು ಪೆಟ್ಟಿಗೆಯ ಕೆಳಗೆ ಸ್ಟೂಲು ಹಾಕಿಕೊಂಡು ಕೂತ. ಸಾಹೇಬರ ಹುಕುಮು ಬರುವವರೆಗೆ ಅವನು ಏಳುವವನಲ್ಲ.

ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರು ನಿಲ್ಲುವುದಿಲ್ಲ. ಅಕಸ್ಮಾತ್ ಎದುರಾದರೆ ಸೆರಗನ್ನು ಮೂಗಿನವರೆಗೆ ಎಳೆದುಕೊಳ್ಳುತ್ತಾಳೆ, ಭಾವ ಮುಖ ಆಚೆ ತಿರುಗಿಸುತ್ತಾನೆ. ಊಟಕ್ಕೆ ಕರೆಯುವುದಿದ್ದರೂ ಕೂಸಿಗೋ ಬೆಕ್ಕಿಗೋ ಹೇಳಿದಂತೆ ಹೇಳಬೇಕು. ಊರೆಂದ ಮೇಲೆ ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಬಳಗವೇ. ಹಾಗಾಗಿ ಊರಿನ ಅರ್ಧ ಹೆಂಗಸರಿಗೆ ಮುರಗೆಪ್ಪ ಭಾವ. ಉಳಿದ ಅರ್ಧಕ್ಕೆ ಆ ಪೆಟ್ಟಿಗೆ ಬೇಕಾಗುವ ವಯಸ್ಸು ದಾಟಿತ್ತು. ಗಂಡಸರು ಪೆಟ್ಟಿಗೆ ನೋಡಿ ಮೀಸೆಯೊಳಗೇ ನಕ್ಕು ಬೀಡಿ ಹಚ್ಚುತ್ತಿದ್ದರು.

ಪೆಟ್ಟಿಗೆಯೊಳಗಿನ ಮಾಲು ಇದ್ದಷ್ಟೇ ಇತ್ತು. ಒಂದೂ ಸೋರಿಲ್ಲ, ಒಂದೂ ಕಳುವಾಗಿಲ್ಲ ಎಂದು ಸಮಿತಿ ಸಂತೋಷಪಟ್ಟಿತು. ನಮ್ಮ ದವಾಖಾನೆಯನ್ನು ನೋಡಿ ಕಲಿಯಿರಿ ಎಂದು ಬೇರೆ ದವಾಖಾನೆಗಳಿಗೆ ಹೇಳಲಾಯಿತಂತೆ. ಏನು ಕಲಿತರೋ ದೇವರೇ ಬಲ್ಲ.

ಈಗ ಗಿರಿಜವ್ವನ ಮಾತು. ಅವಳು ಮುರಗೆಪ್ಪನ ಸ್ವಂತ ತಮ್ಮ ಧರೆಪ್ಪನ ಹೆಂಡತಿ. ಧರೆಪ್ಪ ನಿಪ್ಪಾಣಿಯಿಂದ ತಂಬಾಕಿನ ಲಾರಿ ಹೊಡೆಯುತ್ತಿದ್ದವನು. ಮೈ ಇಳಿಯುತ್ತ ಬಂದಾಗ ಮಿರಜಕ್ಕೆ ಹೋಗಿ ರಕ್ತ ತೋರಿಸಿದ. ಅದೇ ಏಡ್ಸಿನ ಜಡ್ಡು. ಗಿರಿಜವ್ವನ ರಕ್ತವನ್ನೂ ನೋಡಿದರು, ಅವಳದು ಸ್ವಚ್ಛವಿತ್ತು. ಇನ್ನು ಮುಂದೆ ನಿರೋಧವಿಲ್ಲದೆ ಗಂಡನ ಹತ್ತಿರ ಹೋಗಬೇಡ, ಹೋದರೆ ನಿನ್ನ ಬಗಲಿನ ಈ ಕೂಸಿಗೆ ತಾಯಿಯೂ ಉಳಿಯುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಬಿಡಿಸಿ ಹೇಳಿದರು. ಈ ಸಂಗತಿ ಗೊತ್ತಿದ್ದವರು ಗಂಡ, ಹೆಂಡತಿ ಮತ್ತು ನಾನು. ಅತ್ತೆಗೆ ತಿಳಿದರೆ, ಜಡ್ಡು ತಂದವಳೇ ಇವಳು ಎಂದು ಹೊರಗೆ ಹಾಕುತ್ತಾಳೆಂದು ಗಿರಿಜವ್ವ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು.

ಧರೆಪ್ಪ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕುಡಿಯದಿದ್ದಾಗ ಹೆಂಡತಿಯ ಕೈ ಹಿಡಿದು ಅಳುತ್ತಿದ್ದ. ಕುಡಿದಾಗ ಅಳುತ್ತಿರಲಿಲ್ಲ, ಅವಳ ಮಾತೂ ಕೇಳುತ್ತಿರಲಿಲ್ಲ. ಮನೆಯಲ್ಲಿ ನಿರೋಧ ಇದ್ದರೆ ಹಾಕಿಕೊಳ್ಳುತ್ತಿದ್ದ, ಇಲ್ಲದಿದ್ದರೆ ಇಲ್ಲ. ಅರ್ಧ ದೇಶ ಲಾರಿ ಓಡಿಸಿದ ಗಂಡಸು ಔಷಧಿ ಅಂಗಡಿಯ ಮೆಟ್ಟಿಲು ಹತ್ತಲು ನಾಚುತ್ತಿದ್ದ. ಅವನ ನಾಚಿಕೆಗೆ ನನ್ನ ಚೀಲವೇ ಆಸರೆಯಾಗಿತ್ತು, ಆ ಚೀಲವನ್ನು ಸಮಿತಿ ಖಾಲಿ ಮಾಡಿತ್ತು.

ಗಿರಿಜವ್ವ ಕೂಸನ್ನು ಕಟ್ಟಿಕೊಂಡು ತವರು ಶೇಡಬಾಳಕ್ಕೆ ಹೋಗಿ ಕೂತಳು. ನಾನು ಸಾಹೇಬರಿಗೆ ಹೇಳಿ ನೋಡಿದೆ, ಹೆಂಗಸರು ಹೀಗೆ ಬಂದು ಕೇಳಲಾರರು ಎಂದು. ಗಂಡಂದಿರನ್ನು ಕಳಿಸಲಿ ಎಂದರು. ಮುರಗೆಪ್ಪನಿಗೆ, ಒಂದಿಷ್ಟು ನನ್ನ ಕೈಯಲ್ಲಿ ಕೊಡು ಎಂದು ಕೇಳಿದೆ. ಅವನು ನನ್ನ ಬೋಳು ಹಣೆ ನೋಡಿ, ನಿಮಗ್ಯಾಕ್ರಿ ಬಾಯಾರ ಎಂದು ನಿಜವಾಗಿಯೂ ತಿಳಿಯದೆ ಕೇಳಿದ. ವಿಧವೆಯಾದ ನಾನು ಯಾರ ಹೆಸರು ಬರೆಸಲಿ? ನಾನೇ ಚಿಕ್ಕೋಡಿಗೆ ಹೋಗಿ ಕೊಂಡು ತರೋಣವೆಂದರೆ, ಹನಿ ಹಾಕುವ ದಿನ ಮುಗಿಯುವವರೆಗೆ ದವಾಖಾನೆಯವರು ಯಾರೂ ಊರು ಬಿಡಕೂಡದೆಂದು ಆಜ್ಞೆ. ಅಷ್ಟರಲ್ಲಿ, ಎಷ್ಟು ದಿನ ತವರು ತವರು ಎಂದು ಅತ್ತೆ ಹೇಳಿಕಳಿಸಿದಳು. ಹನಿ ಹಾಕುವ ದಿನವೇ ಗಿರಿಜವ್ವ ಮುಂಜಾನೆಯ ಬಸ್ಸಿಗೆ ಬಂದಿಳಿದಳು.

ಆ ದಿನ ದವಾಖಾನೆಯ ಪಡಸಾಲೆಯಲ್ಲೇ ಬೂತು. ಅಂಗಳ ದಾಟಿ ರಸ್ತೆಯವರೆಗೆ ಕೂಸುಗಳನ್ನು ಎತ್ತಿಕೊಂಡ ತಾಯಂದಿರ ಸಾಲು. ಸಾಹೇಬರು ಸಮಿತಿಯೊಡನೆ ಬಂದು ಕುರ್ಚಿ ಹಾಕಿಕೊಂಡು, ಒಂದು ಕಣ್ಣು ಹನಿಯ ಮೇಲೆ, ಒಂದು ಕಣ್ಣು ಪೆಟ್ಟಿಗೆಯ ಮೇಲೆ ಇಟ್ಟಿದ್ದರು. ಗಿರಿಜವ್ವನ ಸರದಿ ಬಂತು. ನಾನು ಅವಳ ಮಗಳ ಬಾಯಿಗೆ ಹನಿ ಹಾಕಿದೆ. ಸಿಕ್ಕಾವೇನ್ರಿ ಎಂದು ತುಟಿಯಲ್ಲೇ ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. ಸುಳ್ಳೇಕೆ ಹೇಳಲಿ, ಆ ಕುರ್ಚಿಯನ್ನು ಸಾಹೇಬರ ಸಮೇತ ಕೃಷ್ಣೆಗೆ ಎಸೆಯಬೇಕೆನಿಸಿತು.

ಅವಳು ಮನೆಯ ಕಡೆ ಹೋಗಲಿಲ್ಲ. ಸೆರಗನ್ನು ಮುಖದ ತುಂಬ ಎಳೆದುಕೊಂಡು, ಕೂಸನ್ನು ಬಗಲಲ್ಲಿ ಸರಿಮಾಡಿಕೊಂಡು ಪೆಟ್ಟಿಗೆಯ ಕಡೆ ನಡೆದಳು. ತಮ್ಮನ ಹೆಂಡತಿ ಬರುತ್ತಿರುವುದನ್ನು ಕಂಡ ಮುರಗೆಪ್ಪ ರೂಢಿಯಂತೆ ದಡಕ್ಕನೆ ಎದ್ದು ಗೋಡೆಗೆ ಮುಖ ಮಾಡಿ ನಿಂತ. ಅವಳು ದಾಟಿ ಹೋಗಲೆಂದು ಕಾದ. ಅವಳು ದಾಟಲಿಲ್ಲ.

"ಭಾವಾರ, ಪೆಟಗಿ ತಗೀರಿ," ಎಂದಳು. "ನನಗ ಬೇಕಾಗ್ಯಾವ."

ಸಾಲಿನಲ್ಲಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ಅವಳು ಭಾವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಅದೂ ಒಂದೇ ಒಂದು ಹೆಣ್ಣು ಕೂಸಿನ ತಾಯಿ, ಗಂಡು ಹುಟ್ಟುವ ಮೊದಲೇ, ನಿರೋಧ ಬೇಕೆಂದು. ಮುರಗೆಪ್ಪನ ಕಿವಿ ಕೆಂಪಾಗಿದ್ದು ನನಗೆ ಕಂಡಿತು. ಅವಳು ಇನ್ನೊಂದು ಮಾತು ಸೇರಿಸಿದಳು, ಆದರೆ ಈ ಸಲ ಬಹಳ ಸಣ್ಣ ದನಿಯಲ್ಲಿ.

"ಇಲ್ಲಾಂದ್ರ ನಾ ಸಾಯ್ತೀನ್ರಿ."

ತಮ್ಮ ಬಡಕಲಾಗಿದ್ದು, ಮೇಲಿಂದ ಮೇಲೆ ಮಿರಜಕ್ಕೆ ಹೋಗಿದ್ದು, ಈಕೆ ತವರಿನಲ್ಲಿ ಕೂತಿದ್ದು, ಎಲ್ಲ ಆ ಮನುಷ್ಯನ ತಲೆಯಲ್ಲಿ ಕೂಡಿಕೊಂಡಿರಬೇಕು. ಅವನು ಕೊರಳ ದಾರ ಬಿಚ್ಚಿ, ಮುಖ ತಿರುಗಿಸದೆ, ಕೈಯಿಂದಲೇ ತಡವಿ ಕೀಲಿ ತೆಗೆದ. ಅವಳು ಉಡಿಯೊಡ್ಡಿದಳು. ಅವನು ಹಿಂದಕ್ಕೆ ಕೈಚಾಚಿ ಹಿಡಿಹಿಡಿಯಾಗಿ ಹಾಕಿದ. ಉಡಿ ಬಿಗಿದುಕೊಂಡು ಅವಳು ಸರಿದದ್ದೇ ತಡ, ಸಾಲಿನಲ್ಲಿದ್ದ ಒಬ್ಬಳು ಮುಖ ಮುಚ್ಚಿಕೊಂಡು, ಭಾವಾರ ನನಗೂ ಎಂದಳು. ಅವಳ ಹಿಂದೆ ಇನ್ನೊಬ್ಬಳು. ಮುರಗೆಪ್ಪ ಗೋಡೆಗೆ ಮುಖ ಮಾಡಿಕೊಂಡೇ ಇದ್ದ, ಪೆಟ್ಟಿಗೆ ತಳ ಕಾಣುವವರೆಗೆ.

ಹೆಂಗಸರ ಗುಂಪು ಸರಿದು ದಾರಿಯಾದ ಮೇಲೆ ಸಾಹೇಬರು ಕುರ್ಚಿಯಿಂದ ಎದ್ದು ಬಂದರು. ಯಾರ ಹೆಸರೂ ಕೇಳಲಿಲ್ಲವೇಕೆ, ಮೊದಲು ಬಂದವಳು ಯಾರು, ಗಂಡನ ಹೆಸರೇನು ಎಂದು ಜಬರಿಸಿದರು.

"ಮಾರಿ ನೋಡಿಲ್ರಿ ಸಾಹೇಬ್ರ, ಗೊತ್ತಿಲ್ಲ," ಎಂದ ಮುರಗೆಪ್ಪ. ನಿನ್ನನ್ನು ಭಾವ ಎಂದು ಕರೆದಳಲ್ಲ ಎಂದು ಸಾಹೇಬರು ಹಿಡಿದರು. "ಅರ್ಧಾ ಊರ ನನಗ ಭಾವಾ ಅಂತೈತ್ರಿ," ಎಂದ. ಫಿನಾಯಿಲಿನ ಲೆಕ್ಕದಲ್ಲೂ ಸುಳ್ಳು ಹೇಳದ ಮನುಷ್ಯ.

ಜನರಿಗೆ ಕೊಡಲೆಂದು ಇಟ್ಟ ಮಾಲನ್ನು ಜನರಿಗೆ ಕೊಟ್ಟ ಅಪರಾಧ ಸಣ್ಣದಲ್ಲ. ಸಮಿತಿ ಪೆಟ್ಟಿಗೆಯನ್ನು ಕಿತ್ತುಕೊಂಡು ಹೋಯಿತು. ಮುರಗೆಪ್ಪನಿಗೆ ಆ ವರ್ಷದ ಸಂಬಳದ ಬಡ್ತಿ ಹೋಯಿತು. ಹೆಂಗಸರನ್ನು ಎತ್ತಿಕಟ್ಟಿದವಳೆಂದು ನನ್ನನ್ನು ಅಥಣಿ ತಾಲೂಕಿನ ಐಗಳಿ ಊರಿಗೆ ವರ್ಗ ಮಾಡಿ ಒಗೆದರು. ಪೋಲಿಯೊ ಹನಿ ಮಾತ್ರ ಚೆನ್ನಾಗಿ ನಡೆಯಿತು, ಅದಕ್ಕೆ ಸಾಹೇಬರಿಗೆ ಶಾಲು ಹೊದಿಸಿದರು.

ಯುಗಾದಿ ಕಳೆದ ಮೇಲೆ ಕೆಲಸದ ಮೇಲೆ ಚಿಕ್ಕೋಡಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಎದುರಿನ ಔಷಧಿ ಅಂಗಡಿಯಲ್ಲಿ ಮುರಗೆಪ್ಪನ ಪಟಗಾ ಕಂಡಿತು. ಗಿರಾಕಿಗಳ ನಡುವೆ ನಿಂತಿದ್ದ. ಅಂಗಡಿಯ ಹುಡುಗರು ಒಬ್ಬರಿಗೊಬ್ಬರು ಕಣ್ಣು ಹೊಡೆದುಕೊಂಡರು. ಮಾಲಕ ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದು, ಈ ವಯಸ್ಸಿನ್ಯಾಗ ಏನ ಕಾಕಾ ಇದು ಎಂದು ಕೇಳಿದ. ನಿಂತವರೆಲ್ಲ ನಕ್ಕರು. ಮುರಗೆಪ್ಪ ಹೂಂ ಎಂದು ಹೇಳಿ ಪೊಟ್ಟಣವನ್ನು ಪಟಗಾದ ಮಡಿಕೆಗೆ ಸೇರಿಸಿ ಹೊರಬಂದ.

ನನ್ನನ್ನು ಕಂಡು ನಿಂತ. ಹದಿನೈದು ದಿನಕ್ಕೊಮ್ಮೆ ಬರುತ್ತಾನಂತೆ. ತಂದು ತನ್ನ ಹೆಂಡತಿಯ ಕೈಗೆ ಕೊಡುತ್ತಾನೆ, ಅವಳು ಗಿರಿಜವ್ವನಿಗೆ ದಾಟಿಸುತ್ತಾಳೆ, ಯಾರೂ ಯಾರಿಗೂ ಏನೂ ಹೇಳುವುದಿಲ್ಲ. ಧರೆಪ್ಪ ಹೇಗಿದ್ದಾನೆಂದು ಕೇಳಿದೆ. ಮುರಗೆಪ್ಪ ಪಟಗಾದ ಮಡಿಕೆಯನ್ನು ಒತ್ತಿ ನೋಡಿಕೊಂಡ.

"ಅಂವ ಉಳಿಯಂಗಿಲ್ರಿ ಬಾಯಾರ. ಅಂವನ್ನ ನಾ ಹೆಗಲ ಮ್ಯಾಲ ಹೊತ್ತು ಬೆಳಿಸೀನಿ," ಎಂದ. "ಆಕಿ ರಕ್ತ ಮತ್ತ ನೋಡಿಸೀವಿ. ಇನ್ನೂ ಸ್ವಚ್ಛ ಐತಿ."